ವಾಡೆಯಲ್ಲಿ ಮದುವೆ ನಡೆಯುವುದಾದರೆ

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ನುಗ್ಗಿದಾಗ ಓಣಿಗಟ್ಟಲೆ ಕಲ್ಲುಮಣ್ಣಿನ ಮನೆಗಳನ್ನು ಕಳೆದುಕೊಂಡೆವು. ಸಂತ್ರಸ್ತರಿಗೆ ನವನಗರ ದೊರೆಯಿತು. ಮುಧೋಳ ಅರಮನೆಯ ದರ್ಬಾರು ಸಭಾಂಗಣವನ್ನು ನೋಡಬಯಸುವ ನಮ್ಮ ವಿದ್ಯಾರ್ಥಿ ಇಂದು ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈಯವರು ಅದನ್ನು ಅಲ್ಲಿ ಮರಳಿ ನಿಲ್ಲಿಸಿದರು. ಅವರಿಗೆ ನಾವು ಋಣಿಗಳು, ಆದರೆ ನಮ್ಮ ಜಿಲ್ಲೆಗೆ ಅದು ಹೆಮ್ಮೆಯ ಸಂಗತಿಯೇನಲ್ಲ.

ಆದ್ದರಿಂದ ಬಾದಾಮಿ, ಹುನಗುಂದ ಸೀಮೆಯಲ್ಲಿ ಪಾಳುಬೀಳುತ್ತಿರುವ ವಾಡೆಗಳನ್ನು ಮದುವೆಗೆ, ಶಿಬಿರಗಳಿಗೆ ಬಾಡಿಗೆಗೆ ಕೊಡುವ ವಿಚಾರವನ್ನು ನಾವು ವಿರೋಧಿಸುವುದಿಲ್ಲ. ಬಳಕೆಯಿಲ್ಲದ ಮನೆ ಬೀಳುತ್ತದೆ. ಐಹೊಳೆಯ ಲಾಡಖಾನ್ ಗುಡಿಗೆ, ಅದರಲ್ಲಿ ಒಂದು ಕಾಲಕ್ಕೆ ಬಿಡಾರ ಹೂಡಿದ್ದವನ ಹೆಸರೇ ನಿಂತಿದೆಯಲ್ಲವೇ?

ನಮ್ಮ ಆತಂಕವಿರುವುದು ದುರಸ್ತಿಯ ರೀತಿಯ ಬಗ್ಗೆ. ಮಣ್ಣಿನ ಮಾಳಿಗೆಯನ್ನೇ ನೋಡಿರಿ. ತೊಲೆ, ಜಂತಿ, ಹಲಗೆಗಳ ಮೇಲೆ ಮಣ್ಣು; ಅದರ ಮೇಲ್ಪದರಕ್ಕೆ ಸವಳು ಮಣ್ಣು. ಹೊಲದಲ್ಲಿ ಸವಳು ರೈತನ ಶತ್ರು: ಅದರಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಚದುರಿಸಿ, ರಂಧ್ರಗಳನ್ನು ಮುಚ್ಚಿ, ನೀರು ಇಂಗದಂತೆ ಮಾಡುತ್ತದೆ. ಮಾಳಿಗೆಯ ಮೇಲೆ ಇದೇ ದೋಷ ಗುಣವಾಗಿ ಮಳೆನೀರನ್ನು ತಡೆಯುತ್ತದೆ, ಹುಲ್ಲು ಬೇರೂರಲು ಬಿಡುವುದಿಲ್ಲ. ನಮ್ಮಂಥವರು ಪಿಎಚ್‌.ಡಿ. ಪಡೆಯುವ ಎಷ್ಟೋ ಮೊದಲೇ ಹಿರಿಯರು ಇದನ್ನು ಬಲ್ಲವರಾಗಿದ್ದರು. ಇಂಥ ಮಾಳಿಗೆಯ ಮೇಲೆ ಕಾಂಕ್ರೀಟು ಸುರಿದರೆ ಭಾರಕ್ಕೆ ತೊಲೆ ಬಾಗುತ್ತದೆ. ಮಣ್ಣುಗೋಡೆಗೆ ಸಿಮೆಂಟು ಗಿಲಾವು ಮಾಡಿದರೆ ತೇವ ಒಳಗೇ ಉಳಿದು ಗೋಡೆ ಸಡಿಲಗೊಳ್ಳುತ್ತದೆ. ಸುಣ್ಣದ ಗಾರೆಯೇ ಸರಿ. ಹಗೇವಿನ ಬಾಯಿ ಮುಚ್ಚಿ ಟೈಲ್ಸ್ ಹಾಸುವುದೂ ಬೇಡ.

ಕಾನೂನೂ ಇದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಇನ್ನು ನೀರಿನ ಮಾತು. ಗುಡ್ಡದ ಊರುಗಳಲ್ಲಿ ಬಾವಿ ತಳ ಕಾಣುವ ಬೇಸಿಗೆಯೇ ಮದುವೆಗಳ ಹಂಗಾಮು. ಎಷ್ಟು ಜನ ಸೇರಬೇಕೆಂಬುದನ್ನು ವಾಡೆಯ ಪಡಸಾಲೆ ಮತ್ತು ಊರಿನ ಬಾವಿ ನಿರ್ಧರಿಸಬೇಕೇ ಹೊರತು ಮಾಲೀಕರ ಆಸೆಯಲ್ಲ. ನೀರು ಎಲ್ಲಿಂದ, ಎಂಜಲೆಲೆ ಎಲ್ಲಿಗೆ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಬಲ್ಲವರು ಈಗ ಉಳಿದಿರುವುದೇ ಕೆಲವರು. ಬಾಡಿಗೆಯ ಮೊದಲ ಪಾಲು ಅವರ ಕೂಲಿಗೆ ಸಲ್ಲಬೇಕು. ಅವರೊಡನೆ ಊರಿನ ಇಬ್ಬರು ಹುಡುಗರಾದರೂ ಮಾಳಿಗೆ ಹತ್ತಬೇಕು.