ಗಂಜಿಯ ಹದ

ಜಾವಗಲ್ ಬಸ್ ನಿಲ್ದಾಣದ ಬಳಿ ಎಳನೀರು ಕುಡಿಯುತ್ತಿದ್ದವರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಈ ಗಂಜೀಲಿ ಐಸ್‌ಕ್ರೀಂ ಮಾಡೋದು ಬಾಂಬೆಯವ್ರಿಗೆ ಹೊಳೀತು, ನಮಗ್ಯಾಕೆ ಹೊಳೀಲಿಲ್ಲ?" ಆ ಮಾತು ಅಂದಿನಿಂದ ತಲೆ ಕೊರೆಯುತ್ತಿದೆ.

ಎಳನೀರು ಐಸ್‌ಕ್ರೀಮನ್ನು ಮನೆಮಾತು ಮಾಡಿದ ರಘುನಂದನ ಕಾಮತರು ನಮ್ಮ ಮೂಲ್ಕಿಯವರು. ತಂದೆ ಹಣ್ಣಿನ ವ್ಯಾಪಾರಿ. ಹುಡುಗನಾಗಿದ್ದಾಗಲೇ ಮುಂಬಯಿ ಸೇರಿ, ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿ 14ರಂದು ಜುಹುವಿನಲ್ಲಿ 'ನ್ಯಾಚುರಲ್' ತೆರೆದರು. ಐಸ್‌ಕ್ರೀಮೊಂದಕ್ಕೇ ಜನ ಬಂದಾರೇ ಎಂಬ ಅಳುಕಿನಿಂದ ಮೊದಮೊದಲು ಪಾವ್ ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪು ಕೇಳಿದರು. ಶುರುವಿನಲ್ಲೇ ಸೀತಾಫಲ, ಮಾವು ಇದ್ದವು. 2024ರ ಮೇ 17ರಂದು ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಹೆಚ್ಚಿನವು ಎಣಿಸಿದ್ದು ಕೋಟಿಗಳನ್ನು. ಬಡತನದಿಂದ ಕೋಟಿಗೆ ಎಂಬ ಒಂದೇ ಅಚ್ಚಿನ ಈ ಬರಹಗಳನ್ನು ಕಂಡರೆ ನನಗೆ ರೇಗುತ್ತದೆ. ಯಾವ ವಿದ್ಯೆ ಕಟ್ಟಿಕೊಂಡು ಆ ಹುಡುಗ ಊರು ಬಿಟ್ಟ ಎಂದು ಅವು ಕೇಳುವುದೇ ಇಲ್ಲ.

ಆ ವಿದ್ಯೆಯ ಬೆಲೆ ತಿಳಿಯಬೇಕಾದರೆ ಐಸ್‌ಕ್ರೀಂ ಹೇಗೆ ಆಗುತ್ತದೆಂದು ನೋಡಬೇಕು. ಪುಡಿ ಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆತರೆ ಉಷ್ಣತೆ ಸೊನ್ನೆಗಿಂತ 21 ಡಿಗ್ರಿಯಷ್ಟು ಕೆಳಗಿಳಿಯಬಲ್ಲದು. ಕೈಯಲ್ಲಿ ತಿರುವುವ ಹಳೆಯ ಮರದ ಬಕೆಟ್ಟುಗಳು ನಡೆದದ್ದು ಇದೇ ಬಲದಿಂದ. ಹಾಲು ಹೆಪ್ಪುಗಟ್ಟುವಾಗ ಅದರೊಳಗಿನ ನೀರು ಹರಳಾಗುತ್ತದೆ. ಹರಳು 50 ಮೈಕ್ರಾನ್ ದಾಟಿದರೆ ನಾಲಗೆಗೆ ಮರಳು ಸಿಕ್ಕಂತಾಗುತ್ತದೆ. ಬಿಡದೆ ತಿರುವಿದರೆ ಹರಳು ಸಣ್ಣದಾಗೇ ಉಳಿಯುತ್ತದೆ. ಸಕ್ಕರೆ ಒಂದಿಷ್ಟು ನೀರನ್ನು ಗಟ್ಟಿಯಾಗಲು ಬಿಡುವುದಿಲ್ಲ. ಕೊಬ್ಬು ನುಣುಪು ಕೊಡುತ್ತದೆ. ಈ ಲೆಕ್ಕವನ್ನೆಲ್ಲ ಕೆಡಿಸುವುದು ಹಣ್ಣು, ಏಕೆಂದರೆ ಹಣ್ಣಿನ ಬಹುಪಾಲು ನೀರು. ಹೆಚ್ಚು ಹಾಕಿದರೆ ಹರಳು, ಕಮ್ಮಿ ಹಾಕಿದರೆ ರುಚಿಯಿಲ್ಲ. ಕಾರ್ಖಾನೆಗೆ ಎಸೆನ್ಸ್ ಸಲೀಸಾಗುವುದು ಅದಕ್ಕೇ. ಹಣ್ಣನ್ನೇ ಹಾಕುತ್ತೇನೆಂದು ಹೊರಟವರಿಗೆ ಯಾವ ಹಣ್ಣು ಯಾವ ದಿನ ಹದಕ್ಕೆ ಬರುತ್ತದೆಂಬುದು ಗೊತ್ತಿರಲೇಬೇಕು. ಅದು ಹಣ್ಣಿನ ವ್ಯಾಪಾರಿಯ ಮನೆಯಲ್ಲಿ ಕಲಿಯುವ ವಿದ್ಯೆ.

ಇಲ್ಲಿಗೆ ಬರುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿದೆ. ಹದ ಬಲ್ಲವರು ಜಾವಗಲ್ಲಿನಲ್ಲೂ ಇದ್ದಾರೆ. ಎಳನೀರು ಮಾರುವವರು ಕಾಯಿ ತಟ್ಟಿ, ಬರೀ ನೀರೋ, ತೆಳು ಗಂಜಿಯೋ, ದಪ್ಪ ಗಂಜಿಯೋ ಹೇಳಿಬಿಡುತ್ತಾರೆ. ಆದರೆ ಜಾವಗಲ್ ಸೇರಿದ ಅರಸೀಕೆರೆ ಸೀಮೆಯ ತೆಂಗಿನ ಬದುಕು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಗಂಜಿಗೆ ಏಳೆಂಟು ತಿಂಗಳ ಕಾಯಿ ಸಾಕು. ಕೊಬ್ಬರಿಗಾದರೆ ವರ್ಷ ತುಂಬಿ ಬಲಿತ ಕಾಯಿ ಬೇಕು. ಆಮೇಲೆ ಅದು ಅಟ್ಟದ ಮೇಲೆ ಮತ್ತೆ ಎಂಟು-ಹತ್ತು ತಿಂಗಳು ಒಣಗಬೇಕು. ಇಷ್ಟು ಕಾದ ರೈತ ಕೊನೆಗೆ ಮಾರುಕಟ್ಟೆಯಲ್ಲಿ ಆ ದಿನ ಕೂಗಿದ ದರಕ್ಕೆ ಒಪ್ಪಬೇಕು. ಗಂಜಿಗೆ ಅಟ್ಟವೂ ಬೇಡ, ಕಾಯುವುದೂ ಬೇಡ; ಆದರೆ ಕಾಯಿ ಕೊಚ್ಚಿದ ಕೂಡಲೇ ತಂಪು ಬೇಕು, ತಡವಾದರೆ ಹುಳಿಯುತ್ತದೆ. ಹಾಗಾಗಿ ಕೇಳಬೇಕಾದ್ದು ಯಾರಿಗೆ ಹೊಳೆಯಿತು ಎಂದಲ್ಲ, ತೋಟದಿಂದ ತಂಪು ಎಷ್ಟು ದೂರ ಎಂದು.

ಹಾಲಿನ ವಿಷಯದಲ್ಲಿ ಆ ದೂರವನ್ನು ನಾವು ಆಗಲೇ ದಾಟಿದ್ದೇವೆ. ಬೆಳಿಗ್ಗೆ ಡೈರಿಗೆ ಹಾಕಿದ ಹಾಲು ಕೆಡದೆ ಹಾಸನ ತಲುಪುತ್ತದೆ. ಅದೇ ಏರ್ಪಾಡಿನ ಪಕ್ಕದಲ್ಲಿ ಗಂಜಿ ತೆಗೆದು ತಣಿಸುವ ಘಟಕವೊಂದು ಎಷ್ಟಕ್ಕೆ ಆದೀತು ಎಂದು ಹಾಲು ಒಕ್ಕೂಟದವರೂ ತೆಂಗು ಬೆಳೆಗಾರರೂ ಒಟ್ಟಿಗೆ ಕೂತು ಲೆಕ್ಕ ಹಾಕಲಿ. ಕೊಬ್ಬರಿ ದರ ಮುಂದಿನ ಸಲ ಕುಸಿಯುವ ಮೊದಲೇ ಹಾಕಲಿ.