'ಹುಷಾರಾದ್ರಲ್ಲ!' ಅನ್ನೋ ಮುಂಚೆ

ರೆಡ್ ಹಿಲ್ಸ್‌ನ ಎಂ.ಎನ್.ಜೆ. ಆಸ್ಪತ್ರೆಗೆ ಹೋಗಿ ನೋಡಿ. ಬೀದರ್, ರಾಯಚೂರು ಕಡೆಯವರ ಕನ್ನಡ ಕಿವಿಗೆ ಬೀಳುತ್ತದೆ. ಲಿಂಫೋಮಾ ಮರುಕಳಿಸಿದಾಗ ಕೆಲವರಿಗೆ ಅವರದೇ ಕಾಂಡಕೋಶ ತೆಗೆದಿಟ್ಟು, ಭಾರಿ ಕೀಮೋ ಕೊಟ್ಟು, ಆಮೇಲೆ ಅವನ್ನೇ ಏರಿಸುತ್ತಾರೆ. ಎರಡು-ಮೂರು ವಾರಕ್ಕೆ ರಕ್ತಕಣ ಏರುತ್ತವೆ. ಮನೆಗೆ ಬಂದದ್ದೇ ತಡ, 'ಹುಷಾರಾದ್ರಲ್ಲ!' ಅಂತ ನಾವು ಹಣ್ಣಿನ ಚೀಲ ಹಿಡಿದು ಮನೆ ತುಂಬುತ್ತೇವೆ. ತಪ್ಪಾಗೋದು ಅಲ್ಲೇ. ಆಗಿನ್ನೂ ಸೋಂಕು ತಡೆಯುವ ಶಕ್ತಿ ಇರಲ್ಲ. ಕೂಸಿಗೆ ಹಾಕುವ ಲಸಿಕೆಗಳನ್ನೇ ತಿಂಗಳುಗಳಾದ ಮೇಲೆ ಮತ್ತೆ ಹಾಕಿಸಬೇಕು. ಸಾರು ರುಚಿಸಲ್ಲ, ಎರಡು ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತದ ರಿಪೋರ್ಟಿನಲ್ಲಿ ಇದೆಲ್ಲಿ ಕಾಣುತ್ತೆ? ನಮ್ಮ ವಯಸ್ಸಿನವರಿಗೆ ಮುಂದೆ ಮಕ್ಕಳಾಗುತ್ತಾ ಅನ್ನೋ ಚಿಂತೆ ಬೇರೆ. ನಾಚಿಕೆ ಬಿಟ್ಟು ಚಿಕಿತ್ಸೆಗೆ ಮುಂಚೆಯೇ ಡಾಕ್ಟರನ್ನು ಕೇಳಬೇಕಾದ ಮಾತದು. ಇಂಥ ವಿದ್ಯಾರ್ಥಿಗೆ ಕಾಲೇಜು ಒಂದು ವರ್ಷವಾದರೂ ಹಾಜರಾತಿ ಕೇಳಬಾರದು. ನಾವು? ನೆಗಡಿಯಿದ್ದ ದಿನ ಆ ಕಡೆ ಸುಳಿಯದೆ, ಉಳಿದ ದಿನ ನೋಟ್ಸ್ ತಲುಪಿಸೋಣ.