ಹಡಗು ಒಬ್ಬರದು, ನಡೆಸೋರು ಇನ್ನೊಬ್ಬರು. ಪಗಾರ ಯಾರನ್ನ ಕೇಳೋದು?
ಬಿಕಾಂ ಕಟ್ಟೆ | ಭಾಗ 7

ಬೈಲಹೊಂಗಲದಾಗ ಹತ್ತಿ ಐತಿ, ಸವದತ್ತಿಯಾಗ ನವಿಲುತೀರ್ಥ ಡ್ಯಾಮ್ ಐತಿ, ಸಮುದ್ರ ಮಾತ್ರ ಇಲ್ಲ. ಆದ್ರೂ ಈ ಸಲ ಹಡಗಿನ ಮಾತು. ಯಾಕಂದ್ರ ‘ಮರ್ಚಂಟ್ ನೇವಿ, ಡಾಲರ್ ಪಗಾರ’ ಅನ್ನೋ ರೀಲ್ಸ್ ನಮ್ಮೂರ ಹುಡುಗರ ಮೊಬೈಲಿಗೂ ಬರಾಕತ್ತಾವ.

1. ಯಾರು ನಡೆಸ್ತಾರ?
ದೊಡ್ಡ ಹಡಗಿನ ಮಾಲೀಕ ಬಹಳ ಸಲ ಅದನ್ನ ತಾನೇ ನಡೆಸೋದಿಲ್ಲ. ಶಿಪ್ ಮ್ಯಾನೇಜ್‌ಮೆಂಟ್ ಕಂಪನಿಗೆ ಒಪ್ಪಿಸ್ತಾನ. ಸಿಬ್ಬಂದಿ ನೇಮಕ, ಪಗಾರ ಬಟವಾಡೆ, ರಿಪೇರಿ, ಬಿಡಿಭಾಗ, ಸುರಕ್ಷತೆಯ ಕಾಗದಪತ್ರ ಎಲ್ಲಾ ಅವರ ಕೆಲಸ.

ಇದು ಲೀಸ್ ಅಲ್ಲ. ರಾಮದುರ್ಗ ತಾಲೂಕಿನ ಖಾನಪೇಟದ ಧನಲಕ್ಷ್ಮಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನ ಪ್ಯಾರಿ ಕಂಪನಿ ತಗೊಂಡಿದ್ದು ಲೀಸ್ ಮ್ಯಾಲೆ. ನಮ್ಮ ಹೊಲ ಲಾವಣಿಗೆ ಹಾಕಿದಂಗ: ಲಾಭ-ಲುಕ್ಸಾನು ನಡೆಸೋರದು. ಹಡಗಿನ ಮ್ಯಾನೇಜ್‌ಮೆಂಟ್‌ನಾಗ ಖರ್ಚು, ಲಾಭ, ಲುಕ್ಸಾನು ಎಲ್ಲಾ ಮಾಲೀಕನದು. ಮ್ಯಾನೇಜರ್‌ಗೆ ಗೊತ್ತುಪಡಿಸಿದ ಫೀ ಅಷ್ಟೇ.

2. ಡಾಲಿ ಹಡಗಿನ ಪಾಠ
2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆಗೆ ಗುದ್ದಿದ ‘ಡಾಲಿ’ ನೆನಪೈತಲ್ಲ? ಮಾಲೀಕ ಗ್ರೇಸ್ ಓಷನ್, ನಡೆಸುತ್ತಿದ್ದದ್ದು ಸಿನರ್ಜಿ ಮರೀನ್, ಬಾಡಿಗೆಗೆ ತಗೊಂಡಿದ್ದು ಮೆರ್ಸ್ಕ್, ಧ್ವಜ ಸಿಂಗಾಪುರದ್ದು. 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ಸೇತುವೆ ಮೇಲಿದ್ದ 6 ಕಾರ್ಮಿಕರು ಸತ್ತರು. ಸಿಬ್ಬಂದಿ ವಾರಗಟ್ಟಲೆ ಹಡಗಿನಲ್ಲೇ ಉಳಿಯಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರಕ್ಕೆ ಸುಮಾರು 10.2 ಕೋಟಿ ಡಾಲರ್ ಕೊಡಲು ಮಾಲೀಕ, ಮ್ಯಾನೇಜರ್ ಇಬ್ಬರೂ ಒಪ್ಪಿದರು.

ಅಮೆರಿಕದಂಥ ಸರ್ಕಾರ ಇಬ್ಬರನ್ನೂ ಹಿಡಿದು ಕೇಳಬಹುದು. ಮೂರು ತಿಂಗಳು ಪಗಾರ ಬರದ ಹುಡುಗ ಯಾರ ಬಾಗಿಲು ಬಡೀಬೇಕು?

3. ‘ನಾ ಬರೇ ಏಜೆಂಟ್ರಿ’
ಕಾಂಟ್ರಾಕ್ಟ್ ಆ್ಯಕ್ಟ್ 1872, ಸೆಕ್ಷನ್ 230: ಬೇರೆಯವರ ಪರವಾಗಿ ಮಾಡಿದ ಒಪ್ಪಂದಕ್ಕೆ ಏಜೆಂಟ್ ಸಾಮಾನ್ಯವಾಗಿ ತಾನೇ ಹೊಣೆ ಆಗೋದಿಲ್ಲ. ಹಡಗಿನ ಮ್ಯಾನೇಜರ್ ಹಿಡಿಯೋದೂ ಇದೇ ದಾರಿ. ಇನ್ನು ಮಾಲೀಕ ಅಂದ್ರ ಎಷ್ಟೋ ಸಲ ದೂರದ ದೇಶದಾಗ ಹೆಸರಿಗೆ ರಿಜಿಸ್ಟರ್ ಆದ, ಒಂದೇ ಹಡಗಿನ ಕಂಪನಿ.

ಆದರೆ ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದ ಬೇರೆ ಮಾತು ಹೇಳುತ್ತದೆ. ಹಡಗು ನಡೆಸುವ ಹೊಣೆ ಹೊತ್ತ ಮ್ಯಾನೇಜರ್ ಕೂಡ ಅದರ ಲೆಕ್ಕದಲ್ಲಿ ‘ಹಡಗಿನ ಮಾಲೀಕ’ನೇ. 2 ತಿಂಗಳು ಪಗಾರ ಕೊಡದಿದ್ದರೆ ಸಿಬ್ಬಂದಿಯನ್ನ ಕೈಬಿಟ್ಟಂತೆ; 4 ತಿಂಗಳವರೆಗಿನ ಬಾಕಿ ವಿಮೆಯಿಂದ ಬರಬೇಕು. ಭಾರತ 2015ರಲ್ಲಿ ಇದನ್ನು ಒಪ್ಪಿದೆ.

ನನ್ನ ಅಭಿಪ್ರಾಯ ಇಷ್ಟ: ಮ್ಯಾನೇಜರ್ ಪದ್ಧತಿ ಕೆಟ್ಟದ್ದಲ್ಲ. ಅನುಭವ ಇರೋರು ನಡೆಸಿದ್ರ ಹಡಗೂ ಚಲೋ, ಸಾವಿರಾರು ಭಾರತೀಯರಿಗೆ ಕೆಲಸಾನೂ ಐತಿ. ಆದ್ರ ಆಳು ಆರಿಸೋ ಅಧಿಕಾರ ನಿಂದು, ಆಳಿನ ಪಗಾರದ ಹೊಣೆ ಮಾತ್ರ ಇನ್ನೊಬ್ಬರದು ಅಂದ್ರ ಅದು ನ್ಯಾಯ ಅಲ್ಲ. ಅಧಿಕಾರ ಎಲ್ಲೈತೋ ಹೊಣೆನೂ ಅಲ್ಲೇ ಇರಬೇಕು.

4. ಸಹಿ ಮಾಡೋ ಮುಂಚೆ
• ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ ಐತೇನು? ನಂಬರ್ ನೀವೇ ಚೆಕ್ ಮಾಡ್ರಿ.
• ಕರಾರಿನಾಗ ಹಡಗಿನ ಹೆಸರು, ಮಾಲೀಕ, ಮ್ಯಾನೇಜರ್ ಮೂರೂ ಅದಾವೇನು?
• ಪಗಾರ ಬಾಕಿಯ ವಿಮೆ ಯಾವ ಕಂಪನಿದು?
• ‘ಕೆಲಸ ಕೊಡಿಸ್ತೀನಿ, ಇಷ್ಟು ಲಕ್ಷ ಕೊಡ್ರಿ’ ಅಂದ್ರ ಅಲ್ಲಿಂದ ಎದ್ದು ಬರ್ರಿ. ನೌಕರಿಗೆ ಸೇರಿಸೋಕೆ ಹುಡುಗನ ಕಡೆಯಿಂದ ಫೀ ತಗೊಳ್ಳೋದು ಆ ಒಪ್ಪಂದದ ಪ್ರಕಾರ ತಪ್ಪು.

ಅಪ್ಪ ಹೊಲ ಅಡಾ ಇಡೋಕಿಂತ ಮೊದಲು ಈ ನಾಲ್ಕು ಪ್ರಶ್ನೆ ಕೇಳಿದ್ರ ಖರ್ಚೇನೂ ಇಲ್ಲ. ಹಡಗಿನ ಕನಸು ಕಾಣೋ ದೋಸ್ತ ಇದ್ರ ಕಳಸ್ರಿ.

#ಬಿಕಾಂಕಟ್ಟೆ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ